ತೂಕ ಮರೆತ ಕೋಶಗಳೂ ಎಗ್ಬರ್ಟನ ಟೈಯೂ

ಕಾರ್ನಿವಲ್ ಹಬ್ಬದ ಗುರುವಾರ ಬೆಳಗ್ಗೆ ಎಗ್ಬರ್ಟ್ ಪ್ಯುಟ್ಸ್ ಜೀವಕೋಶಗಳನ್ನು ಯಂತ್ರದೊಳಗಿಟ್ಟು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅದನ್ನು ತಿರುಗಿಸುವ ರಬ್ಬರ್ ಪಟ್ಟಿ ಪಟಕ್ಕನೆ ಹರಿದುಹೋಯಿತು.

ಆ ಯಂತ್ರದ ಕೆಲಸವೇ ತಿರುಗುವುದು. ಒಳಗಿನ ಮನುಷ್ಯಕೋಶಗಳಿಗೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿಯಬಾರದು. ಬಾಹ್ಯಾಕಾಶದಲ್ಲಿ ತೇಲುತ್ತಿದ್ದೇವೆಂದೇ ನಂಬಬೇಕು. ಆಗ ಯಾವ ಜೀನ್ ಎಚ್ಚರಾಗುತ್ತದೆ, ಯಾವುದು ಮುಸುಕೆಳೆದು ಮಲಗುತ್ತದೆ ಎಂದು ನೋಡುವುದು ಎಗ್ಬರ್ಟನ ಹೊಟ್ಟೆಪಾಡು. ಯಂತ್ರ ಸ್ವಲ್ಪ ಹೊತ್ತು ನಿಂತರೂ ಕೋಶಗಳಿಗೆ ನೆಲದ ನೆನಪಾಗಿ ಜೀನ್‌ಗಳು ಹಳೆಯ ಚಾಳಿಗೆ ಬೀಳುತ್ತವೆ. ಉಳಿದಿದ್ದ ಕೋಶಗಳೂ ಇವಿಷ್ಟೇ, ಕೆಟ್ಟರೆ ಬೇರೆ ಇಲ್ಲ. ಸಂಜೆವರೆಗೆ ನಿಲ್ಲದೆ ತಿರುಗಿದರೆ ಅವನ ನೌಕರಿ ಇನ್ನೊಂದು ವರ್ಷ, ಇಲ್ಲವಾದರೆ ಮನೆಗೆ.

ಯಾವ ಕಪಾಟಿನಲ್ಲಿ ತಡಕಿದರೂ ಬದಲಿ ಪಟ್ಟಿ ಸಿಗಲಿಲ್ಲ. ಕೊನೆಗೆ ಕೊರಳಿನ ಟೈ ಬಿಚ್ಚಿ ಗಾಲಿಗಳಿಗೆ ಬಿಗಿದ. ಯಂತ್ರ ತಿರುಗಿತು. ಎಗ್ಬರ್ಟ್ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಆಮೇಲೆ ನೆನಪಾಯಿತು. ಜರ್ಮನಿಯ ಈ ಕೊಲೋನ್ ಊರಿನ ಹೆಂಗಸರು ಕತ್ತರಿ ಹಿಡಿದು ಕಂಡಕಂಡ ಗಂಡಸರ ಟೈ ಕತ್ತರಿಸುವ ದಿನ ಇದು. ಅವನೂ ಕತ್ತರಿಸಿಕೊಳ್ಳಲೆಂದೇ ಹಳೆಯ ಟೈ ಕಟ್ಟಿ ಬಂದಿದ್ದ.

ಅಷ್ಟರಲ್ಲಿ ವೇಷಧಾರಿಗಳ ದಂಡು ನುಗ್ಗಿತು. ಮುಂದಾಳು ಪಕ್ಕದ ಕೋಣೆಯ ಬೇರ್ಬೆಲ್, ಜೇನುಹುಳದ ವೇಷದಲ್ಲಿ.

"ಏ ಎಗ್ಬರ್ಟ್, ಕೊರಳು ಬೋಳು! ಟೈ ಎಲ್ಲೋ?"

"ಮನೇಲಿ ಮರ್ತೆ ಕಣೆ."

"ಸುಳ್ಳುಬುರುಕ! ಬೆಳಗ್ಗೆ ಟ್ರಾಮಲ್ಲಿ ನಾನೇ ನೋಡಿದೀನಿ. ಬಾತುಕೋಳಿ ಚಿತ್ರದ್ದು."

ಬಾತುಕೋಳಿಗಳು ಅವಳ ಕಣ್ಣೆದುರೇ ಗಿರಗಿರನೆ ಸುತ್ತುತ್ತಿದ್ದವು. ಕತ್ತರಿಗಳು ಬಾಯಿ ತೆರೆದವು. ಎಗ್ಬರ್ಟ್ ಯಂತ್ರವನ್ನು ತಬ್ಬಿಕೊಂಡ.

"ದಮ್ಮಯ್ಯ! ಬೇಕಾದ್ರೆ ನನ್ನ ಕೂದ್ಲು ಕತ್ತರಿಸ್ರಿ!"

"ಎಲ್ಲಿದೆ ಕೂದ್ಲು?" ಎಂದಳು ಮಾಟಗಾತಿಯ ವೇಷದವಳು.

ಎಗ್ಬರ್ಟ್ ಅಳುಮೋರೆಯಲ್ಲಿ ಈ ಟೈ ತುಂಡಾದರೆ ತನ್ನ ನೌಕರಿಯೂ ಹೋಯಿತೆಂದು ಹೇಳಿಕೊಂಡ. ಬೇರ್ಬೆಲ್ ಕರಗಿಹೋದಳು.

"ಅಯ್ಯೋ ಪಾಪ! ಈ ಟೈಗೆ ಯಾರ ಕತ್ತರಿನೂ ತಾಗಲ್ಲ, ನಾನೇ ಕಾವಲು ಕೂರ್ತೀನಿ. ಹೋಗಿ ಏನಾದ್ರೂ ತಿನ್ನು."

ಬೆಳಗ್ಗಿನಿಂದ ಮೂತ್ರವನ್ನೂ ತಡೆದುಕೊಂಡಿದ್ದ ಎಗ್ಬರ್ಟ್ ಓಡಿದ. ಶೌಚಾಲಯದಿಂದ ಹೊರಬಂದವನನ್ನು ಮೆರವಣಿಗೆಯೊಂದು ಎಳೆದುಕೊಂಡು ಹೋಗಿ, ಬಿಯರ್ ಕುಡಿಸಿ, ಕುಣಿಸಿಯೇ ಬಿಟ್ಟಿತು. ಬಿಡಿಸಿಕೊಂಡು ಬರುವಾಗ ಸಂಜೆಯಾಗಿತ್ತು.

ಯಂತ್ರ ತಿರುಗುತ್ತಿತ್ತು, ಹೊಚ್ಚ ಹೊಸ ರಬ್ಬರ್ ಪಟ್ಟಿಯ ಮೇಲೆ.

"ಹೇಗಿದೆ?" ಬೇರ್ಬೆಲ್ ಹಿಗ್ಗಿದಳು. "ಆ ಕಡೆ ಕಟ್ಟಡದಿಂದ ಪಟ್ಟಿ ಬೇಡಿ ತಂದ್ವಿ. ಟೈ ನಾಜೂಕಾಗಿ ಬಿಚ್ಚಿ ಇಸ್ತ್ರಿನೂ ಮಾಡಿದ್ವಿ. ಒಂದು ನೂಲು ಹರಿದಿಲ್ಲ!"

"ಯಂತ್ರ... ಎಷ್ಟೊತ್ತು ನಿಂತಿತ್ತು?"

"ಒಂದು ಗಂಟೆ ಆಗಿರ್ಬೇಕು. ಬೇಗ್ನೇ ಹಾಕ್ಬಹುದಿತ್ತು. ಆದ್ರೆ ಪಾಪ, ಬೆಳಗ್ಗಿಂದ ತಿರುಗಿ ತಿರುಗಿ ಆ ಕೋಶಗಳಿಗೂ ತಲೆ ಸುತ್ತಿರಲ್ವಾ? ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ ಬಿಟ್ವಿ."

ಎಗ್ಬರ್ಟ್ ಬಗ್ಗಿ ಮೇಜಿಗೆ ಹಣೆ ಹಚ್ಚಿದ. ಅದನ್ನು ಕೃತಜ್ಞತೆಯೆಂದು ತಿಳಿದ ಬೇರ್ಬೆಲ್ ಅಕ್ಕರೆಯಿಂದ ಟೈಯನ್ನು ಅವನ ಕೊರಳಿಗೆ ಕಟ್ಟಿದಳು. ಬಾಗಿಲು ತೆರೆಯಿತು. ಕಿರೀಟ ತೊಟ್ಟು ನಿಂತಿದ್ದವರು ಪ್ರಯೋಗಾಲಯದ ಮುಖ್ಯಸ್ಥೆ ಇರ್ಮ್‌ಗಾರ್ಡ್.

"ಇಡೀ ಕಟ್ಟಡದಲ್ಲಿ ಉಳಿದಿರೋ ಒಂದೇ ಟೈ!"

ಕಚಕ್ಕನೆ ಬಾತುಕೋಳಿಗಳು ನೆಲಕ್ಕೆ ಬಿದ್ದವು. ಪದ್ಧತಿಯಂತೆ ಅವನ ಕೆನ್ನೆಗೊಂದು ಮುತ್ತು ಕೊಟ್ಟು ಕೇಳಿದರು: "ನಿನ್ನ ನೌಕರಿ ಕಾಗದಕ್ಕೆ ನಾಳೆನೇ ಸಹಿ ಹಾಕ್ಬೇಕಲ್ಲಪ್ಪಾ. ಹೇಗಿವೆ ಕೋಶಗಳು?"

"ಚೆನ್ನಾಗಿ ಸುಧಾರಿಸ್ಕೊಂಡಿವೆ, ಮೇಡಂ," ಎಂದ ಎಗ್ಬರ್ಟ್.