ಅರ್ಧ ಮೈಲಿ

ಲ್ಯಾಬಿನಲ್ಲಿ ನಾನು ಹಾಕಿದ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಹೊರಗೆ ಕಾಲಿಟ್ಟರೆ ಹಾಗಲ್ಲ. ಸ್ವೀಡನ್ನಿನ ಉತ್ತರದ ಬೆಟ್ಟಗಳಲ್ಲಿ ಒಂದು ದಿನ ನಡೆಯಲು ಹೋದಾಗಲೂ ಲೆಕ್ಕ ಸರಿಹೋಗಲಿಲ್ಲ.

ಮೂವರಿದ್ದೆವು. ಲಿಂಕೋಪಿಂಗ್‌ನಲ್ಲಿ ಪಿಎಚ್‌ಡಿಗೆ ಸೇರಿ ನಾಲ್ಕು ತಿಂಗಳಾಗಿದ್ದ ನಾನು, ನನ್ನ ಜೊತೆಗೇ ಸೇರಿದ ಧಾರವಾಡದ ಗೆಳತಿ, ಅದೇ ಊರಿಗೆ ಹೊಸದಾಗಿ ಬಂದಿದ್ದ ಮೈಸೂರಿನ ಐಟಿ ಗೆಳೆಯ. ಮರುದಿನ ಬೆಳಿಗ್ಗೆ ಅವನ ಮಾವ ಮೊದಲ ಸಲ ಸ್ವೀಡನ್ನಿಗೆ ಬಂದಿಳಿಯುವವರಿದ್ದರು. ಹಾಗಾಗಿ ಅವನಿಗೆ ಆ ದಿನ ‘ಅಳಿಯಂದ್ರು’ ಎಂದೇ ಹೆಸರು.

ಸ್ಟಾಕ್‌ಹೋಮ್ ವಿಮಾನ ನಿಲ್ದಾಣದಲ್ಲಿ ಅವನು ನಿಂತಿರಲೇಬೇಕು. ಅದಕ್ಕೆ ಆ ಸಂಜೆಯ ರೈಲು, ರೈಲಿಗೆ ನಾಲ್ಕೂ ನಲವತ್ತರ ಬಸ್ಸು. ಅದೇ ಕೊನೆಯದು.

“ಮದುವೆ ಮುಹೂರ್ತಕ್ಕೆ ಹತ್ತು ನಿಮಿಷ ಲೇಟಾಗಿ ಬಂದಿದ್ದೆ. ಮೂರು ವರ್ಷದಿಂದ ಅದನ್ನೇ ಹೇಳ್ತಾರೆ ಮಾವ,” ಎಂದ.

“ನಲವತ್ತು ನಿಮಿಷ ಎಕ್ಸ್‌ಟ್ರಾ ಇಟ್ಟಿದ್ದೀನಿ,” ಎಂದೆ.

“ಆ ನಲವತ್ತು ನಿಮಿಷ ಎಲ್ಲಿ ಕಳೀಬೇಕಂತನೂ ಬರದಿಟ್ಟಿಯೇನ?” ಎಂದಳು ಧಾರವಾಡದವಳು.

ಬರೆದಿಟ್ಟಿದ್ದೆ.

೧. ನೀರು

ಮೊದಲ ಏರು ಮುಗಿದಾಗ ಮರಗಳೂ ಮುಗಿದವು. ಮುಂದೆ ಕಣಿವೆ. ಅದರಾಚೆ ಬೆಟ್ಟ, ಅದರಾಚೆ ಇನ್ನೊಂದು, ಕೊನೆಯದರ ಮೇಲೆ ಹಿಮ. ಒಂದು ಮನೆಯಿಲ್ಲ, ಒಂದು ತಂತಿಯಿಲ್ಲ.

ಅಳಿಯಂದ್ರು ಚೀಲ ಇಳಿಸಿದ. ಒಳಗೆ ನಾಲ್ಕು ಲೀಟರ್ ನೀರು, ಕುದಿಸಿ ಆರಿಸಿದ್ದು. ನಮ್ಮ ಸುತ್ತ ನಾಲ್ಕು ತೊರೆಗಳು ಹರಿಯುತ್ತಿದ್ದವು. ನಾಯಿಯೊಂದಿಗೆ ಬಂದ ಮುದುಕರೊಬ್ಬರು ತೊರೆಯಲ್ಲಿ ಲೋಟ ಅದ್ದಿ ಕುಡಿದರು. ಇವನಿಗೂ ಕೊಟ್ಟರು. ಹೆದರುತ್ತಲೇ ಒಂದು ಗುಟುಕು ಕುಡಿದ. ಆಮೇಲೆ ಮೂರು ಲೋಟ.

“ಇಂಥ ನೀರು ಕುಡಿದೇ ಇಲ್ಲ ಕಣೋ,” ಎಂದ ಮೆಲ್ಲಗೆ.

“ಹಂಗಾರ ಆ ನಾಲ್ಕು ಲೀಟರ್ ಚೆಲ್ಲಿಬಿಡು,” ಎಂದಳು ಗೆಳತಿ.

“ಕುದಿಸಿದ್ದು ಕಣೇ,” ಎಂದು ಚೀಲವನ್ನು ಮತ್ತೆ ಹೆಗಲಿಗೇರಿಸಿದ.

೨. ಉಸಿರು

ಕಣಿವೆಯ ತಳವೆಲ್ಲ ಜೌಗು. ಕಾಲಿಟ್ಟರೆ ಒದ್ದೆಯಾದ ಹತ್ತಿಯ ಹಾಸಿಗೆಯಂತೆ ನೆಲ ಅಲುಗುತ್ತದೆ. ನಡೆಯಲು ಎರಡೆರಡು ಹಲಗೆ ಹಾಸಿದ್ದಾರೆ. ಎದುರಿಗೆ ಬಂದ ಮಹಿಳೆಯನ್ನು ಅಳಿಯಂದ್ರು ಕೇಳಿದ: “ಮುಂದೆ ಹಲಗೆ ಸರಿಯಾಗಿದೆಯಾ?”

ಆಕೆ ತುಟಿ ಚೂಪು ಮಾಡಿ ‘ಶುಪ್’ ಎಂದು ಉಸಿರನ್ನು ಒಳಗೆಳೆದುಕೊಂಡರು. ನಕ್ಕು ಮುಂದೆ ಹೋದರು.

“ಬೆಚ್ಚಿಬಿದ್ರಲ್ಲೋ,” ಎಂದ ಅಳಿಯಂದ್ರು.

“ಹೇಳಾಕ ಬಾಯಿ ಬರಲಿಲ್ಲ ಪಾಪ,” ಎಂದಳು ಗೆಳತಿ.

ಅಪಾಯವಿದ್ದರೆ ಬಳಸಿಕೊಂಡು ಹೋಗುವುದೇ ವೈಜ್ಞಾನಿಕ. ಹಲಗೆಯಿಂದ ಕೆಳಗಿಳಿದೆವು. ಮೊಣಕಾಲವರೆಗೆ ಹೂತೆವು. ಏಳುವ ಗಡಿಬಿಡಿಯಲ್ಲಿ ನನ್ನ ಫೋನು ಕೆಸರಿಗೆ ಬಿತ್ತು. ನೆಟ್‌ವರ್ಕ್ ಇಲ್ಲದ ಊರಿಗೆಂದು ನಕಾಶೆ, ವೇಳಾಪಟ್ಟಿ ಎಲ್ಲ ಅದರಲ್ಲೇ ಇಟ್ಟಿದ್ದೆ.

ಗೆಳತಿ ಗುಳ್ಳೆ ಏಳುವುದನ್ನೇ ನೋಡಿದಳು. “ನಲವತ್ತು ನಿಮಿಷ ಎಲ್ಲಿ ಹೋದ್ವು ಅಂತ ಈಗ ಗೊತ್ತಾತು.”

೩. ಅರ್ಧ ಮೈಲಿ

ಕಣಿವೆ ದಾಟಿ ಕಣಿವೆ. ಮೂರು ಗಂಟೆಗೆ ಒಂದು ದಿಣ್ಣೆಯ ಮೇಲೆ ಅದೇ ಮುದುಕರು ಸಿಕ್ಕರು. ಬಸ್ ಸ್ಟಾಪಿಗೆ ಎಷ್ಟು ದೂರ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಹಾಫ್ ಎ ಮೈಲ್,” ಎಂದು ಅವರು ನಾಯಿಯೊಡನೆ ನಡೆದರು.

ಎಂಟುನೂರು ಮೀಟರ್. ಹತ್ತು ನಿಮಿಷ. ಕೂತು ಪುಳಿಯೋಗರೆ ಬಿಚ್ಚಿದೆವು. ಅಷ್ಟರಲ್ಲಿ ಕೆಳಗಿನ ಜೌಗಿನಲ್ಲಿ ಹಿಮಸಾರಂಗಗಳ ಹಿಂಡು ದಾಟತೊಡಗಿತು. ಎಣಿಸಲು ಶುರುಮಾಡಿ ಬಿಟ್ಟುಬಿಟ್ಟೆ. ಅವುಗಳ ಕಾಲಿನ ಚಿಟಿಚಿಟಿ ಸದ್ದು ನಮ್ಮವರೆಗೂ ಬರುತ್ತಿತ್ತು. ಕೈಯಲ್ಲಿನ ತುತ್ತು ಕೈಯಲ್ಲೇ ಇತ್ತು.

ನಾಲ್ಕು ಗಂಟೆಗೆ ಎದ್ದೆವು. ತಿರುವಿನಲ್ಲೊಂದು ಬೋರ್ಡು: ಬಸ್ಸಿಗೆ ಐದು ಕಿಲೋಮೀಟರ್.

“ಹಳೇ ಬೋರ್ಡಿರ್ಬೇಕು,” ಎಂದ ಅಳಿಯಂದ್ರು.

ಮುಂದಿನದು ನಾಲ್ಕು ಎಂದಿತು. ಎರಡು ಮಾಪನಗಳು ಒಪ್ಪಿದರೆ ನಾನು ನಂಬುತ್ತೇನೆ. “ಇವರ ಮೈಲಿ ಹತ್ತು ಕಿಲೋಮೀಟರಿಂದು,” ಎಂದೆ.

ಆಮೇಲೆ ಯಾರೂ ಹಲಗೆ ನೋಡಲಿಲ್ಲ, ನೆಲ ನೋಡಲಿಲ್ಲ. ಓಡಿದೆವು. ಐದಕ್ಕೆ ಐದು ನಿಮಿಷವಿತ್ತು. ಬಸ್ಸು ನಿಂತೇ ಇತ್ತು. ಬಾಗಿಲಲ್ಲಿ ಮುದುಕರು. ಇನ್ನೂ ಮೂವರಿದ್ದಾರೆ, ಬಸ್ಸು ಹಿಡಿಯಬೇಕಂತೆ, ಆದರೆ ಊಟಕ್ಕೆ ಕೂತಿದ್ದಾರೆ ಎಂದು ಡ್ರೈವರನನ್ನು ತಡೆದು ನಿಲ್ಲಿಸಿದ್ದರು.

“ರೈಲ್ವೆ ಸ್ಟೇಷನ್ನಿಗೆ ಹೋಗುತ್ತಾ?” ಅಳಿಯಂದ್ರು ಏದುಸಿರಲ್ಲಿ ಕೇಳಿದ.

ಡ್ರೈವರ್ ‘ಶುಪ್’ ಎಂದ.

ಅಳಿಯಂದ್ರು ಮೆಟ್ಟಿಲ ಮೇಲೆ ಕುಸಿದ. “ಇಲ್ವಂತೆ ಕಣೋ.”

ಮುದುಕರು ಅವನ ಹೆಗಲು ಮುಟ್ಟಿದರು. “ನಮ್ಮ ಕಡೆ ‘ಹೌದು’ ಅನ್ನುವುದೇ ಹಾಗೆ.”

ನಾವು ಮೂವರೂ ಕೆಸರಾದ ನಮ್ಮ ನಮ್ಮ ಮೊಣಕಾಲು ನೋಡಿಕೊಂಡೆವು.

೪. ಇಪ್ಪತ್ತು ಮೈಲಿ

ಬೇರೆ ಬಟ್ಟೆ ತಂದಿರಲಿಲ್ಲ. ಹಾಗೇ ರೈಲಿಳಿದು ಹಾಗೇ ವಿಮಾನ ನಿಲ್ದಾಣದಲ್ಲಿ ನಿಂತೆವು. ಮಾವ ಇಸ್ತ್ರಿ ಮಾಡಿದ ಸ್ವೆಟರಿನಲ್ಲಿ ಟ್ರಾಲಿ ತಳ್ಳಿಕೊಂಡು ಬಂದರು. ಮೊದಲು ಗಡಿಯಾರ ನೋಡಿದರು. ಆಮೇಲೆ ಅಳಿಯನನ್ನು.

“ಮನೆ ಇಲ್ಲಿಂದ ಎಷ್ಟು ದೂರ?”

ರೈಲಿನಲ್ಲಿ ಪೂರ್ತಿ ಆ ಹತ್ತು ಕಿಲೋಮೀಟರಿನ ಮೈಲಿಯ ಲೆಕ್ಕದಲ್ಲೇ ಮಾತಾಡಿದ್ದೆವು. ಅಳಿಯಂದ್ರಿಗೆ ಬಾಯಿತಪ್ಪಿ ಬಂತು: “ಇಪ್ಪತ್ತು ಮೈಲಿ ದಾಟುತ್ತೆ ಮಾವ.”

ಮಾವನವರ ಕಣ್ಣು ಅಳಿಯನ ಬೂಟಿನಿಂದ ಮೊಣಕಾಲಿಗೆ ಏರಿತು. ಅಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು.

“ಅಷ್ಟು ದೂರ ನಡ್ಕೊಂಡೇ ಬಂದ್ರಾ?”

ಅಳಿಯಂದ್ರು ವಿವರಿಸಲು ಬಾಯಿ ತೆರೆದ. ಅದಕ್ಕೂ ಮೊದಲೇ ಪಕ್ಕದಲ್ಲಿ ಧಾರವಾಡದವಳು ಉಸಿರೆಳೆದಳು: ‘ಶುಪ್.’

ಅದನ್ನು ಮಾವ ಹೇಗೆ ಅರ್ಥಮಾಡಿಕೊಂಡರೋ, ಕಣ್ಣು ಒದ್ದೆಯಾಯಿತು. ಅಳಿಯಂದ್ರು ದಿಕ್ಕು ತೋಚದೆ ಚೀಲ ಬಿಚ್ಚಿದ. “ನೀರು ಕುಡೀರಿ ಮಾವ. ಕುದಿಸಿ ಆರಿಸಿದ್ದು.”

ಮುಹೂರ್ತದ ವಿಷಯ ಅವರು ಮತ್ತೆ ಎತ್ತಿಲ್ಲ.