ಒಳ್ಳೆಯ ಚಾಕು ಕೊಟ್ಟುಬಿಟ್ಟ ಅಧ್ಯಕ್ಷರಿಗೆ

ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಸನ್ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ, ಅದೇ ಸಂಘದ ಸಾಮಾನ್ಯ ಸದಸ್ಯನೂ, ಟಿ. ನರಸೀಪುರದ ಗ್ರಂಥಾಲಯದಿಂದ ನಿವೃತ್ತನೂ, ಸದ್ಯ ಎರಡು ಹಸುಗಳ ಸೇವಕನೂ ಆದ ಪುಟ್ಟಬಸವಯ್ಯನು ಬಾಗಿ ಸಲ್ಲಿಸುವ ವಂದನೆಗಳು.

ಮಾನ್ಯರೇ,

ಕಳೆದ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ತಾವು ಸದಸ್ಯರೆಲ್ಲರಿಗೂ ಒಂದೊಂದು ಮಡಚುವ ಚಾಕು ಕೊಟ್ಟಿರಿ. ಈ ಫೆಬ್ರವರಿಯಲ್ಲಿ, ಆ ಚಾಕುಗಳು ಚೆನ್ನಾಗಿವೆ ಎಂಬುದೊಂದೇ ಕಾರಣಕ್ಕೆ, ಅವನ್ನು ವಾಪಸು ಕೇಳಿದಿರಿ. ಕೊಡುವುದಿಲ್ಲವೆಂದ ಗೋವಿಂದಮ್ಮನವರ ಹಾಲನ್ನು ಅಂದಿನಿಂದ ಇಂದಿನವರೆಗೆ ಡೈರಿಯ ಕಟ್ಟೆಯಿಂದ ಹಿಂದಕ್ಕೆ ಕಳುಹಿಸುತ್ತಿದ್ದೀರಿ. ದೂರು ಇಷ್ಟೇ. ಆದರೆ ಇಷ್ಟು ದೊಡ್ಡ ಸಾಹಸವನ್ನು ಮೂರೇ ವಾಕ್ಯಗಳಲ್ಲಿ ಹೇಳಿ ಮುಗಿಸಿದರೆ ತಮ್ಮ ಘನತೆಗೆ ಕುಂದು ಬಂದೀತೆಂಬ ಭಯದಿಂದ ಉಳಿದುದನ್ನು ವಿಸ್ತಾರವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲು ತಮ್ಮ ಕೊಡುಗೈಯನ್ನು ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ತಾವು ಕುರ್ಚಿ ಏರಿದ ವರ್ಷ ಕೊಟ್ಟ ಕೊಡೆ ಮೊದಲ ತುಂತುರಿಗೇ ಕಮಲದಂತೆ ಮೇಲ್ಮುಖವಾಗಿ ಅರಳಿತು, ಮತ್ತೆಂದೂ ಮುದುಡಲಿಲ್ಲ. ಮರುವರ್ಷದ ಟಿಫನ್ ಕ್ಯಾರಿಯರ್‌ನ ಮುಚ್ಚಳ ಊರಿನ ಎಲ್ಲ ಡಬ್ಬಿಗಳಿಗೂ ಕೂರುತ್ತಿತ್ತು, ಅದರದೇ ಡಬ್ಬಿಯೊಂದನ್ನು ಬಿಟ್ಟು. ಅದರ ಮರುವರ್ಷದ ಗೋಡೆ ಗಡಿಯಾರವನ್ನು ಮಾದರಿಗೆಂದು ವೇದಿಕೆಯ ಮೇಲೆ ತೂಗುಹಾಕಿದ್ದಿರಿ. ತಮ್ಮ ಭಾಷಣದ ನಡುವೆಯೇ ಅದು ನಿಂತುಹೋಯಿತು. ಭಾಷಣವನ್ನು ಕೇಳಿದ್ದ ನಾವ್ಯಾರೂ ಗಡಿಯಾರವನ್ನು ದೂರಲಿಲ್ಲ.

ಇಂಥ ಉಡುಗೊರೆಗಳನ್ನು ನಿಭಾಯಿಸುವ ಕ್ರಮವೊಂದು ಊರಿನಲ್ಲಿ ತಾನಾಗಿಯೇ ಬೆಳೆದಿತ್ತು. ಸಂಘ ಕೊಟ್ಟದ್ದರ ಬಣ್ಣದ ಕಾಗದವನ್ನು ಬಿಚ್ಚದೆ ಅಟ್ಟಕ್ಕೇರಿಸುವುದು, ಮುಂದೆ ಬರುವ ಮದುವೆಗೋ ಗೃಹಪ್ರವೇಶಕ್ಕೋ ಅದನ್ನು ಹಾಗೆಯೇ ಮುಯ್ಯಿ ಮಾಡಿ ಊಟ ಮುಗಿಸಿ ಬರುವುದು. ನನ್ನ ಗಡಿಯಾರ ಕವಲಂದೆಯ ಒಂದು ಗೃಹಪ್ರವೇಶಕ್ಕೆ ಹೋಗಿ, ಅಲ್ಲಿಂದ ನಂಜನಗೂಡಿನ ಮದುವೆಯೊಂದಕ್ಕೆ ಹೋಗಿ, ಕೊನೆಗೆ ನನ್ನ ಷಷ್ಟಿಪೂರ್ತಿಗೆ ನನ್ನ ಮನೆಗೇ ಬಂದಿತು. ಯಾರಿಗೂ ನಷ್ಟವಿರಲಿಲ್ಲ. ತಮ್ಮ ಹೆಸರು ಎಲ್ಲ ಮಂಗಳ ಕಾರ್ಯಗಳಲ್ಲೂ ಬೆಳಗುತ್ತಿತ್ತು.

ತಾವು ಎಡವಿದ್ದು ಇಲ್ಲಿ. ಚಾಕುವನ್ನು ಮುಯ್ಯಿ ಮಾಡಲಾಗುವುದಿಲ್ಲ. ಹೊಸ ಮನೆಗೆ ಕಾಲಿಡುವವರ ಕೈಗೆ, ಹಸೆಮಣೆಯ ಮೇಲೆ ಕುಳಿತವರ ಕೈಗೆ ಚಾಕು ಕೊಡುವವರು ನಮ್ಮ ಕಡೆ ಯಾರೂ ಇಲ್ಲ. ಕೊಟ್ಟರೆ ಊಟಕ್ಕೆ ಕೂರಿಸುವುದಿರಲಿ, ಬಾಗಿಲಲ್ಲೇ ತಡೆದಾರು. ಹೀಗಾಗಿ ಆ ಕ್ರಮ ಬೆಳೆದ ಮೇಲೆ ಮೊದಲ ಬಾರಿಗೆ ಸದಸ್ಯರು ಉಡುಗೊರೆಯನ್ನು ತಾವೇ ಬಿಚ್ಚಿ, ತಾವೇ ಬಳಸಬೇಕಾಗಿ ಬಂತು.

ಚಾಕು ಒಳ್ಳೆಯದೆಂಬುದು ತಮಗೆ ಗೊತ್ತಿತ್ತೆಂದು ನಾನು ಆರೋಪಿಸುವುದಿಲ್ಲ. ಅಂಥ ಅಪವಾದವನ್ನು ತಮ್ಮ ಶತ್ರುಗಳೂ ಹೊರಿಸಲಾರರು. ಟಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ತಮ್ಮ ಷಡ್ಡಕ ರಾಜೇಂದ್ರ ಅವರಿಗೂ ಗೊತ್ತಿರಲಿಲ್ಲ. ಆ ಅಂಗಡಿ ನಿಮ್ಮಿಬ್ಬರ ಮಾವನವರದಾಗಿದ್ದ ಕಾಲದಿಂದ ಅಟ್ಟದ ಮೇಲೆ ಗ್ರೀಸು ಮೆತ್ತಿದ ತಗಡಿನ ಪೆಟ್ಟಿಗೆಯೊಂದಿತ್ತು. ಗ್ರಂಥಾಲಯದ ಬಾಗಿಲು ತೆರೆದರೆ ನನಗೆ ಎದುರಿಗೆ ಕಾಣುತ್ತಿದ್ದದ್ದೇ ಅದು. ಹಿಡಿ ಕಪ್ಪಗಿದೆ, ಹೊಳಪಿಲ್ಲ ಎಂದು ಯಾರೂ ಕೊಳ್ಳದೆ ಅದರಲ್ಲಿ ಬಿದ್ದಿದ್ದ ಆ ಚಾಕುಗಳನ್ನು ರಾಜೇಂದ್ರ ಅವರು ಕಸವೆಂದು ತಿಳಿದು ತಮಗೆ ದಾಟಿಸಿದರು, ತಾವು ಕಸವೆಂದು ತಿಳಿದು ನಮಗೆ ದಾಟಿಸಿದಿರಿ, ನಾವು ಕಸವೆಂದು ತಿಳಿದು ಸಾಲಾಗಿ ನಿಂತು ಕೈಮುಗಿದು ತೆಗೆದುಕೊಂಡೆವು. ಇಷ್ಟು ಜನ ಒಮ್ಮತದಿಂದ ತಪ್ಪಿದ್ದು ನಮ್ಮ ತಾಲ್ಲೂಕಿನಲ್ಲಿ ಅಪರೂಪ.

ಹಿಡಿಯ ಮೇಲೆ ಅಂಟಿಸಿದ್ದ ತಮ್ಮ ಭಾವಚಿತ್ರ ಎರಡು ಸಲ ತೊಳೆಯುವುದರೊಳಗೆ ಹೋಯಿತು. ಅಲಗು ಹೋಗಲಿಲ್ಲ. ತುಕ್ಕು ಹಿಡಿಯಲಿಲ್ಲ, ಸಾಣೆ ಕೇಳಲಿಲ್ಲ. ಅದರಿಂದ ರಸಬಾಳೆಯ ಕಂದು ಬಿಡಿಸಿದರು, ಕಬ್ಬು ಸಿಗಿದರು, ಕರುವಿನ ಕೊರಳಿಗೆ ಬಿಗಿದುಕೊಂಡ ಹಗ್ಗವನ್ನು ಕೂದಲೂ ಸೋಕದಂತೆ ಕೊಯ್ದರು. ಗಂಡಸರ ಜೇಬಿನಲ್ಲಿ, ಹೆಂಗಸರ ಎಲೆಯಡಿಕೆ ಚೀಲದಲ್ಲಿ ಅದಕ್ಕೊಂದು ಖಾಯಂ ಜಾಗವಾಯಿತು. ಒಂದು ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತಿದ್ದ ಮಾದಮ್ಮನವರು ಅಡಿಕೆಯನ್ನು ಎಲೆಯಷ್ಟು ತೆಳ್ಳಗೆ ಸೀಳಿ ಮುಂದಿದ್ದವರಿಗೆ ತೋರಿಸುತ್ತ, “ನೋಡಕ್ಕಾ, ಪ್ರೆಸಿಡೆಂಟ್ರು ಯಾಮಾರ್ಬುಟ್ಟವ್ರೆ ಕಣಕ್ಕ, ಇದು ಕುಯ್ತದೆ” ಎಂದದ್ದು ತಮ್ಮ ಆಡಳಿತದ ಬಗ್ಗೆ ನಾನು ಕೇಳಿದ ಅತ್ಯಂತ ಸಮತೂಕದ ವಿಮರ್ಶೆ.

ಅಲ್ಲಿಗೆ ನಿಂತಿದ್ದರೆ ತಮಗೆ ಸನ್ಮಾನ ಮಾಡುತ್ತಿದ್ದೆವು. ಆದರೆ ಸಂಕ್ರಾಂತಿ ಕಳೆದ ಮೇಲೆ ಗೋವಿಂದಮ್ಮನವರು ಫೀಡ್ಸ್ ಮೂಟೆ ಕೊಂಡರು.

ಈ ಬಹಿರಂಗ ಪತ್ರದ ಓದುಗರಿಗಾಗಿ ಒಂದು ಮಾತು. ಸಂಘದ ಗೋದಾಮಿನಲ್ಲಿ ಹಸುವಿಗೆ ಹಾಕುವ ಫೀಡ್ಸ್ ಸಿಗುತ್ತದೆ. ಅದನ್ನು ಯಾರೂ ಕಟ್ಟೆಯ ಮೇಲೆ ಬಿಚ್ಚುವುದಿಲ್ಲ. ಖಾಲಿ ಚೀಲ ರಾಗಿ ತುಂಬಲು, ಹಾಸಲು, ಮಳೆಗೆ ತಲೆಯ ಮೇಲೆ ಹಾಕಿಕೊಳ್ಳಲು ಬೇಕು. ಹರಿಯಬಾರದೆಂದು ಮನೆಗೊಯ್ದು ಬಾಯಿಯ ದಾರವನ್ನು ನಿಧಾನವಾಗಿ ಎಳೆದು ಬಿಚ್ಚುತ್ತಾರೆ, ಮೇಲಿನಿಂದ ಬಳಸುತ್ತ ಬರುತ್ತಾರೆ. ಮೂಟೆ ಮುಗಿಯುತ್ತ ಬಂದಾಗ ತಳದಲ್ಲಿ ಭತ್ತದ ಹೊಟ್ಟು ಸಿಗುತ್ತದೆ. ಕಾರ್ಯದರ್ಶಿ ರವಿಕುಮಾರ್ ಅವರನ್ನು ಕೇಳಿದರೆ, ನಿಮ್ಮ ಮನೆಯಲ್ಲಿ ಇಲಿ ಫೀಡ್ಸ್ ತಿಂದು ಹೊಟ್ಟು ಬಿಟ್ಟಿದೆ ಎನ್ನುತ್ತಿದ್ದರು. ನಾನು ಬೋನು ತಂದೆ. ಊರೆಲ್ಲ ಬೋನು ತಂದಿತು. ಹೊಟ್ಟನ್ನು ಹೊತ್ತು ತಂದು ಚೀಲಕ್ಕೆ ತುಂಬಿ, ಮೇಲೆ ಫೀಡ್ಸ್ ಸರಿಪಡಿಸಿ ಹೋಗುವಷ್ಟು ಶಿಸ್ತಿನ ಇಲಿಗಳು ಬೋನಿಗೆ ಬೀಳುವವಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಅಂದು ಗೋವಿಂದಮ್ಮನವರು ಒಂದು ಮೂಟೆಯನ್ನು ಮಾದಮ್ಮನವರೊಂದಿಗೆ ಪಾಲು ಮಾಡಿಕೊಳ್ಳಬೇಕಾಗಿದ್ದರಿಂದ ಕಟ್ಟೆಯ ಮೇಲೆಯೇ ಬಿಚ್ಚಿದರು. ಮೂಟೆ ತಲೆಕೆಳಗಾಗಿ ನಿಂತಿತ್ತು. ಅದರ ಮೇಲೆ ಅಚ್ಚಾಗಿದ್ದ ಹಸು ನಾಲ್ಕೂ ಕಾಲು ಆಕಾಶಕ್ಕೆ ಚಾಚಿತ್ತು. ಅವಸರದಲ್ಲಿದ್ದ ಅವರು ಹಸುವನ್ನು ನೋಡಲಿಲ್ಲ, ಮೇಲಿದ್ದದ್ದೇ ಬಾಯಿ ಎಂದುಕೊಂಡರು. ಚಾಕುವಿನ ಮೊನೆ ಹೊಲಿಗೆಯ ಅಡಿ ತೂರಿ, ಚೀಲಕ್ಕೆ ಒಂದು ಎಳೆಯ ಗಾಯವೂ ಆಗದಂತೆ ಸರ್ರನೆ ಸಾಗಿತು. ಬಾಗಿಸಿದರೆ ಹೊಟ್ಟು. ಬರಿಯ ಹೊಟ್ಟು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮೂಟೆಗಳನ್ನು ಬೋರಲು ಹಾಕಿ ಚಾಕು ತೆಗೆದರು. ಎಲ್ಲ ಮೂಟೆಗಳ ಬಾಯಿಗೂ ಕಂಪನಿಯ ನೀಲಿ ದಾರದ ಮೆಷಿನ್ ಹೊಲಿಗೆ. ತಳಕ್ಕೆ ಮಾತ್ರ ಬಿಳಿ ದಾರದಲ್ಲಿ, ದಬ್ಬಣದಿಂದ, ಕೈಹೊಲಿಗೆ.

ಇಲಿಯ ಹೆಸರು ಹೇಳುವಂತಿರಲಿಲ್ಲ. ರವಿಕುಮಾರ್ ಅವರು, “ಮೂಟೆ ಎತ್ತಿ ಆಕುವಾಗ ಒಡೀಬಾರ್ದು ಅಂತ ಕಂಪ್ನಿಯೋರೇ ತಳಕ್ಕೆ ಮೆತ್ತೆ ಕೊಟ್ಟವ್ರೆ” ಎಂದರು. ಮಾನ್ಯರೇ, ನಾನು ಜೀವಮಾನವನ್ನು ಪುಸ್ತಕಗಳ ನಡುವೆ ಕಳೆದವನು. ಇಂಥ ಸಿದ್ಧಾಂತವೊಂದು ಯಾವ ಕಪಾಟಿನಲ್ಲೂ ನನಗೆ ಸಿಕ್ಕಿರಲಿಲ್ಲ. ಇಂಥ ಪ್ರತಿಭೆಯನ್ನು ಹಾಲು ಅಳೆಯಲು ಕೂರಿಸಿರುವುದು ನಾಡಿಗಾದ ನಷ್ಟ.

ಇನ್ನೊಬ್ಬರಾಗಿದ್ದರೆ ಗೋದಾಮಿನ ಬೀಗದ ಕೈ ಯಾರ ಬಳಿ ಇತ್ತೆಂದು ವಿಚಾರಿಸುತ್ತಿದ್ದರು. ತಾವು ಮೂಲಕ್ಕೇ ಕೈ ಹಾಕಿದಿರಿ, ಅಂದರೆ ಚಾಕುವಿಗೆ. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಸಂಘವು ನೀಡಿದ ಉಡುಗೊರೆಯನ್ನು ಸದಸ್ಯರು ಕೂಡಲೇ ಹಿಂದಿರುಗಿಸತಕ್ಕದ್ದು ಎಂದು ಡೈರಿಯ ಗೋಡೆಗೆ ನೋಟಿಸು ಅಂಟಿತು. ಸದಸ್ಯರು ಆಜ್ಞಾಧಾರಕರು. ಮರುದಿನವೇ ಕಟ್ಟೆಯ ಮೇಲೆ ಅರಳಿದ ಕೊಡೆಗಳು, ಮುಚ್ಚಳವಿಲ್ಲದ ಕ್ಯಾರಿಯರುಗಳು, ಮದುವೆಗಳನ್ನು ಸುತ್ತಿ ಬಂದ ಗಡಿಯಾರಗಳು ರಾಶಿ ಬಿದ್ದವು. ಚಾಕು ಮಾತ್ರ ಒಂದೂ ಇರಲಿಲ್ಲ. ಕೇಳಿದರೆ ಒಬ್ಬರದು ಕಪಿಲೆಯಲ್ಲಿ ಕೈಜಾರಿತ್ತು, ಒಬ್ಬರದು ಸೋಮನಾಥಪುರಕ್ಕೆ ಹೋದ ಬಸ್ಸಿನಲ್ಲಿ ಉಳಿದುಹೋಗಿತ್ತು. ನನ್ನದು ತಲಕಾಡಿನ ಮರಳಿನಲ್ಲಿ ಹೂತುಹೋಯಿತೆಂದು ನಾನು ಹೇಳಿದೆ. ಗುಡಿಗಳನ್ನೇ ಮುಚ್ಚಿಕೊಂಡ ಮರಳಿಗೆ ಚಾಕು ಯಾವ ಲೆಕ್ಕ ಎಂದು ರವಿಕುಮಾರ್ ಅವರೂ ಒಪ್ಪಿದರು.

ಸುಳ್ಳು ಹೇಳದವರು ಗೋವಿಂದಮ್ಮನವರೊಬ್ಬರೇ. “ಅದೆ. ಕೊಡಾಕಿಲ್ಲ” ಎಂದರು.

ಮರುದಿನದಿಂದ ಅವರ ಹಾಲಿಗೆ ಗಟ್ಟಿತನದ ಡಿಗ್ರಿ ಬರುವುದು ನಿಂತಿತು. ಲ್ಯಾಕ್ಟೋಮೀಟರ್ ಅದ್ದಿದ ಕೂಡಲೇ ರವಿಕುಮಾರ್ ಅವರು ತಲೆಯಾಡಿಸುತ್ತಾರೆ, ಕ್ಯಾನು ಹಿಂದಕ್ಕೆ ಹೋಗುತ್ತದೆ. ಅನುಮಾನ ಬಂದು ಮಾದಮ್ಮನವರು ಒಂದು ದಿನ ಅದೇ ಹಸುವಿನ ಹಾಲನ್ನು ತಮ್ಮ ಕ್ಯಾನಿನಲ್ಲಿ ತಂದು ಹಾಕಿದರು; ಅಂದು ಕಟ್ಟೆಗೆ ಬಂದ ಹಾಲಿನಲ್ಲೆಲ್ಲ ಅದಕ್ಕೇ ಹೆಚ್ಚು ಡಿಗ್ರಿ ಬಂತು. ಹೀಗೆಯೇ ನಡೆಸೋಣ ಬಿಡಕ್ಕ ಎಂದು ಮಾದಮ್ಮನವರು ಸಮಾಧಾನ ಹೇಳಿದರೆ ಗೋವಿಂದಮ್ಮನವರು ಒಪ್ಪಲಿಲ್ಲ. “ನನ್ ಅಸಿನ ಆಲು ನನ್ನೆಸ್ರಲ್ಲೇ ಓಗ್ಬೇಕು ಕಣವ್ವ.” ಅದು ಹಟವಲ್ಲ, ಲೆಕ್ಕಾಚಾರ, ತಮಗೂ ಗೊತ್ತು. ವರ್ಷಕ್ಕೆ ಇಂತಿಷ್ಟು ದಿನ ತಮ್ಮ ಹೆಸರಿನಲ್ಲಿ ಹಾಲು ಹಾಕದ ಸದಸ್ಯರಿಗೆ ಮುಂದಿನ ಮಹಾಸಭೆಯಲ್ಲಿ ಮತವೂ ಇಲ್ಲ, ಮೈಕೂ ಇಲ್ಲ. ಈ ಮಾರ್ಚ್ ಮುಗಿಯುವುದರೊಳಗೆ ಅವರ ಹಾಲು ಕಟ್ಟೆ ಹತ್ತದಿದ್ದರೆ, ಬಿಳಿ ದಾರದ ಹೊಲಿಗೆ ಹಾಕಿದವರು ಯಾರು ಎಂದು ತುಂಬಿದ ಸಭೆಯಲ್ಲಿ ಎದ್ದು ಕೇಳುವ ಹಕ್ಕಿರುವವರಲ್ಲಿ ಹೆದರದ ಒಬ್ಬರೂ ಉಳಿಯುವುದಿಲ್ಲ. ನಾವು ಉಳಿದವರು ಚಾಕುವನ್ನು ಮರಳಿನಲ್ಲಿ ಹೂತವರು.

ತಮ್ಮ ಕಾರ್ಯದರ್ಶಿಗಳು ಇದನ್ನು ಮುಚ್ಚಿಯೂ ಇಡಲಿಲ್ಲ. ಮೊನ್ನೆ ಸಾಲಿನ ಮುಂದೆಯೇ, “ಚಾಕು ತಂದ್ಕೊಡಿ ಗೋವಿಂದಮ್ಮೋರೆ, ಡಿಗ್ರಿ ತಾನಾಗೇ ಬತ್ತದೆ” ಎಂದರು. ಹಸುವಿನ ಕೆಚ್ಚಲಿಗೂ ಜೇಬಿನ ಚಾಕುವಿಗೂ ಇರುವ ಈ ಸಂಬಂಧವನ್ನು ಕಂಡುಹಿಡಿದ ಕೀರ್ತಿ ನಮ್ಮ ಸಂಘದ್ದೇ ಆಗಿರಲಿ.

ಆದ್ದರಿಂದ ಕೆಲವು ಬಿನ್ನಹಗಳು. ಮುಂದಿನ ಮಹಾಸಭೆಯಲ್ಲಿ ದಯಮಾಡಿ ಮತ್ತೆ ಕೊಡೆಯನ್ನೇ ಕೊಡಿ. ತಮ್ಮಿಂದ ಒಳ್ಳೆಯ ವಸ್ತು ಪಡೆದು ನಮಗೆ ಅಭ್ಯಾಸವಿಲ್ಲ, ಊರಿನ ಶಾಂತಿ ಕೆಡುತ್ತದೆ. ಚಾಕುಗಳನ್ನು ಒಮ್ಮೆ ಗೋದಾಮಿಗೆ ಕರೆಸಿಕೊಂಡು, ಬಾಯಿ ಯಾವುದು ತಳ ಯಾವುದು ಎಂದು ಅವಕ್ಕೆ ತರಬೇತಿ ಕೊಡಿಸಿ. ಅದಾಗದಿದ್ದರೆ ಮೂಟೆಗೆ ತಳವೇ ಇಲ್ಲದಂತೆ ಮಾಡಬಲ್ಲ ಕಂಪನಿಯನ್ನು ಹುಡುಕಿ. ಹೊಟ್ಟನ್ನು ಎಲ್ಲಿಡುವುದೆಂಬ ಪ್ರಶ್ನೆಗೆ ರವಿಕುಮಾರ್ ಅವರು ಅರೆಗಳಿಗೆಯಲ್ಲಿ ಉತ್ತರ ಕೊಟ್ಟಾರು. ಹಾಗೆಯೇ ರಾಜೇಂದ್ರ ಅವರಿಗೆ ಒಂದು ಶಾಲು ಹೊದಿಸಿ. ತಮ್ಮ ಬಂಧುಬಳಗದಿಂದ ಈ ಸಂಘಕ್ಕೆ ಬಂದ ಏಕೈಕ ಒಳ್ಳೆಯ ಮಾಲು ಅವರದು. ತಿಳಿಯದೆ ಮಾಡಿದ ಪುಣ್ಯವೂ ಪುಣ್ಯವೇ.

ಇವಾವುವೂ ಆಗದಿದ್ದರೆ ಗೋವಿಂದಮ್ಮನವರ ಹಾಲು ತೆಗೆದುಕೊಳ್ಳಿ. ಇದೊಂದು ಮಾತ್ರ ಅಣಕವಲ್ಲ. ಆ ಮನೆಗೆ ಎರಡು ಹೊತ್ತಿನ ಹಾಲು ಬಿಟ್ಟರೆ ಬೇರೆ ವರಮಾನವಿಲ್ಲ.

ಇನ್ನೂ ಸದಸ್ಯನಾಗಿರುವುದರಿಂದ, ವಿಧಿಯಿಲ್ಲದೆ,
ತಮ್ಮ ವಿಶ್ವಾಸಿ,
ಪುಟ್ಟಬಸವಯ್ಯ

ಮರೆತ ಮಾತು: ಕಳೆದ ಭಾನುವಾರ ತಮ್ಮ ಮನೆಯಲ್ಲಿ ಎಳೆ ಹಲಸಿನ ಪಲ್ಯವಂತೆ. ಇದ್ದ ಈಳಿಗೆಮಣೆಗೆ ಹಲಸು ಬಗ್ಗದೆ, ತಮ್ಮ ಮನೆಯವರು ಗೋವಿಂದಮ್ಮನವರಿಂದಲೇ ಆ ಚಾಕುವನ್ನು ಎರವಲು ತರಿಸಿಕೊಂಡರು. ನೆರೆಹೊರೆಯ ಧರ್ಮವೆಂದು ಅವರು ಕೊಟ್ಟರು. ಅದು ಇನ್ನೂ ಹಿಂದಿರುಗಿಲ್ಲ. ಎಂದರೆ ನೋಟಿಸು ಕೇಳಿದ ಚಾಕು ಈಗ ತಮ್ಮ ಅಡುಗೆಮನೆಯಲ್ಲಿದೆ. ಗೋವಿಂದಮ್ಮನವರ ಹಾಲು ಇಂದು ಬೆಳಿಗ್ಗೆಯೂ ಹಿಂದಕ್ಕೆ ಬಂದಿದೆ. ಹಾಗಾದರೆ ಅವರು ತಮಗೆ ಒಪ್ಪಿಸಬೇಕಾಗಿ ಉಳಿದಿರುವುದು ಇನ್ನೇನು? ನಾಳೆ ಬೆಳಿಗ್ಗೆ ಹಾಲಿನ ಹೊತ್ತಿಗೆ ಡೈರಿಯ ಕಟ್ಟೆಯ ಮೇಲೆ ನಿಂತು, ಸಾಲಿನ ಕೊನೆಯಲ್ಲಿರುವವರಿಗೂ ಕೇಳುವಂತೆ, ಅದನ್ನು ಹೆಸರಿಟ್ಟು ಹೇಳಿ.