ಗೋಲಿನಲ್ಲಿ ನಿಲ್ಲುವವರು ಯಾರು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಖಾಲಿ ಗೆರೆ. ಐಸ್ ಹಾಕಿ ಸಂಘದವರು ಕಳಿಸಿದ ಫಾರ್ಮಿನಲ್ಲಿ ‘ಗೋಲ್‌ಕೀಪರ್’ ಎಂದು ಬರೆದದ್ದರ ಮುಂದಿನ ಗೆರೆ. ಭಾನುವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಸೋದರಮಾವ ದೇಜಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಯಶ್ವಂತ ಫೋನಿನಲ್ಲಿ ಅದನ್ನೇ ನೋಡುತ್ತ, ಇಡ್ಲಿ ತಿಂದವನಿಗೆ ಮಸಾಲೆ ದೋಸೆಯ ಬಿಲ್ ಕೊಟ್ಟು ಎರಡು ಸಲ ಬೈಸಿಕೊಂಡಿದ್ದ. ಹತ್ತು ಗಂಟೆಯೊಳಗೆ ಫಾರ್ಮ್ ಕಳಿಸಬೇಕಿತ್ತು. ಮಧ್ಯಾಹ್ನ ವಾಶಿಯ ಹತ್ತಿರದ ಮಾಲಿನಲ್ಲಿ ಆಯ್ಕೆ.

ಬೆಳಿಗ್ಗೆ ಗಲ್ಲಾ, ಸಂಜೆ ಹೌಸಿಂಗ್ ಸೊಸೈಟಿಯ ಕಂಪೌಂಡಿನಲ್ಲಿ ಆರು ಹುಡುಗಿಯರಿಗೆ ಐಸ್ ಹಾಕಿ ಪಾಠ, ಇದು ಯಶ್ವಂತನ ಬದುಕು. ಐಸ್ ಹಾಕಿ ಎಂದು ಹೆಸರು ಮಾತ್ರ. ಡೊಂಬಿವಲಿಯಲ್ಲಿ ಐಸು ಸಿಗುವುದು ಮೀನು ಮಾರುವವರ ಹತ್ತಿರ, ಕಬ್ಬಿನ ಹಾಲಿನ ಗಾಡಿಯಲ್ಲಿ. ಹಾಗಾಗಿ ಮಕ್ಕಳು ಚಕ್ರದ ಬೂಟು ಹಾಕಿಕೊಂಡು ಕಂಪೌಂಡಿನ ಟೈಲ್ಸ್ ಮೇಲೆ ಕಲಿತು, ತಿಂಗಳಿಗೊಮ್ಮೆ ಆ ಮಾಲಿನ ಐಸಿನ ಅಂಗಳಕ್ಕೆ ಹೋಗಿ ಬಿದ್ದು ಎದ್ದು ಬರುತ್ತಿದ್ದರು.

ಯಾವ ಮಗು ಯಾವ ಜಾಗದಲ್ಲಿ ಆಡಬೇಕು ಎನ್ನುವುದರಲ್ಲಿ ಯಶ್ವಂತನ ಕಣ್ಣು ತಪ್ಪುತ್ತಿರಲಿಲ್ಲ. ಅವನ ಲೆಕ್ಕ ಲೋಕಲ್ ಟ್ರೈನಿನದು. ಗಾಡಿ ನಿಂತದ್ದೇ ನಾಲ್ಕು ಜನರ ಸಂದಿಯಲ್ಲಿ ತೂರಿ ಕಿಟಕಿ ಸೀಟು ಹಿಡಿಯುವವಳು ಫಾರ್ವರ್ಡ್. ಮೊಣಕೈ ಅಡ್ಡ ಹಾಕಿ ಗೆಳತಿಗೆ ದಾರಿ ಮಾಡಿಕೊಡುವವಳು ಡಿಫೆನ್ಸ್. ಬಾಗಿಲ ನಡುವಿನ ಕಂಬ ಹಿಡಿದು ನಿಂತು, ಯಾರು ಎಷ್ಟು ತಳ್ಳಿದರೂ ಜಪ್ಪಯ್ಯ ಅಂದರೂ ಅಲ್ಲಾಡದವಳು ಗೋಲ್‌ಕೀಪರ್. ಈ ಲೆಕ್ಕದಲ್ಲಿ ಗೋಲಿಗೆಂದೇ ಹುಟ್ಟಿದವಳು ಹನ್ನೆರಡು ವರ್ಷದ ಮಾನಸಿ. ಅವಳಿಗೂ ಅದೇ ಬೇಕಿತ್ತು. ಆದರೆ ಅವಳು ಸೊಸೈಟಿಯ ಸೆಕ್ರೆಟರಿ ಲಕ್ಷ್ಮೀಕಾಂತನ ಮಗಳು. ಕಂಪೌಂಡಿನ ಗೇಟಿನ ಕೀಲಿ ಇರುವುದು ಸೆಕ್ರೆಟರಿಯ ಸೊಂಟದಲ್ಲಿ. ಗೇಟು ಮುಚ್ಚಿದರೆ ಆಟವೂ ಮುಚ್ಚಿತು, ಯಶ್ವಂತ ಸಂಜೆಯೂ ಗಲ್ಲಾದಲ್ಲೇ ಕೂರಬೇಕು.

ಧೈರ್ಯವಿದ್ದವನಾಗಿದ್ದರೆ ಮಾತಾಡುತ್ತಿದ್ದ. ಯಶ್ವಂತನಿಗೂ ಧೈರ್ಯಕ್ಕೂ ಆಗಿಬರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಆಟದ ರಬ್ಬರ್ ಬಿಲ್ಲೆ ಬಡಿದು ಮುಂದಿನ ಹಲ್ಲು ಅರ್ಧ ಹಾರಿಹೋಗಿತ್ತು. ಅಂದಿನಿಂದ ಅವನು ಪಾಠ ಹೇಳುವುದೆಲ್ಲ ಕಂಪೌಂಡಿನಲ್ಲಿ ನಿಲ್ಲಿಸಿದ ಒಂದು ಹಳೇ ಸ್ಕೂಟರಿನ ಹಿಂದೆ ಬಗ್ಗಿ ನಿಂತು. ಮಕ್ಕಳಿಗೆ ಅವನ ತಲೆ ಮಾತ್ರ ಕಾಣುತ್ತಿತ್ತು.

ಎಂಟೂವರೆಗೆ ಲಕ್ಷ್ಮೀಕಾಂತನೇ ಹೋಟೆಲಿಗೆ ಬಂದ. ಭಿವಂಡಿಯ ಗೋದಾಮುಗಳಿಗೆ ಟೆಂಪೋ ಓಡಿಸುವ ಧಂದೆ ಅವನದು. ಕಲಬುರಗಿ ಕಡೆಯವನು, ಮೆಲ್ಲಗೆ ಮಾತಾಡಿದರೂ ಅಡುಗೆಮನೆಯವರೆಗೆ ಕೇಳುವ ಗಂಟಲು. ಚಹಾ ಬಟ್ಟಲು ಗಲ್ಲಾದ ಮೇಲಿಟ್ಟು ನಿಧಾನವಾಗಿ ಹೇಳಿದ.

“ನೋಡ್ರಿ ಸರ, ನಮ್ಮಪ್ಪ ಮಾಪಣ್ಣ ಶಹಾಡಿನ ಕಂಪನಿ ಗೇಟಿನ್ಯಾಗ ಮೂವತ್ತು ವರ್ಷ ನಿಂತಾನ. ಬಾಗಲಾ ತೆಗಿ, ಬಾಗಲಾ ಹಾಕು. ಎರಡ ಸಲ ಲಾಠಿ ಕುಟ್ಟು, ಸಲಾಮ್ ಹೊಡಿ. ಕಡೀಗಿ ಕಾಲು ಬಾತು ಸತ್ತ. ನಮ್ಮ ಮನಿಯವರು ಇನ್ನ ಯಾರೂ ಬಾಗಲಾಗ ನಿಂದ್ರಂಗಿಲ್ಲ. ಮಾನಸಿ ನಟ್ಟನಡುವ ಆಡಬೇಕು. ಗೋಲಿನ್ಯಾಗ ನಿಂದ್ರಿಸಿದ್ರಿ ಅಂದ್ರ ನಾಳಿಂದ ಗೇಟಿಗಿ ಕೀಲಿ ಬೀಳ್ತದ.”

ಕೀಲಿಯ ಮಾತು ಯಶ್ವಂತನಿಗೆ ನಾಟಿತು. ಆದರೆ ಕಾಲು ಬಾತು ಸತ್ತ ಅಪ್ಪನ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು. ‘ಸೆಂಟರ್’ ಎಂದಿದ್ದರ ಮುಂದೆ ಮಾನಸಿಯ ಹೆಸರು ತುಂಬಿದ.

ಉಳಿದ ನಾಲ್ಕು ಮಕ್ಕಳ ಮನೆಯವರೂ ಗೋಲಾದರೆ ಮಗಳನ್ನು ಬಿಡಿಸುತ್ತೇವೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಒಂಬತ್ತು ಗಂಟೆಗೆ ನಳಿನಾಕ್ಷಿ ಬಂದರು. ಮೂರನೇ ಮಹಡಿಯಲ್ಲಿ ಮೆಸ್ ನಡೆಸುವ ಮಂಗಳೂರಿನ ಕಡೆಯ ಹೆಂಗಸು. ಮಗಳು ರಮಿತಾ ಹನ್ನೊಂದರ ಕಡ್ಡಿ, ಓಟದಲ್ಲಿ ಗಾಳಿ. ಲೋಕಲ್ ಲೆಕ್ಕದಲ್ಲಿ ಅವಳಿಗಿಂತ ಫಾರ್ವರ್ಡ್ ಇಲ್ಲ.

“ಮಾಸ್ಟ್ರೆ, ಅವಳಿಗೊಂದು ಪೆಟ್ಟಾಗದ ಜಾಗ ಕೊಡಿ. ನನಗೆ ಇರುವುದು ಒಬ್ಬಳೇ. ಆ ದಿಂಬೆಲ್ಲ ಕಟ್ಟಿ ಒಂದು ಕಡೆ ನಿಲ್ಲಿಸ್ತೀರಲ್ಲ, ಅದೇ ಆಗ್ಬಹುದು.”

ಆ ದಿಂಬುಗಳನ್ನು ಯಾಕೆ ಕಟ್ಟುತ್ತಾರೆ ಎಂದು ವಿವರಿಸಲು ಯಶ್ವಂತ ಬಾಯಿ ತೆರೆದ. ಆ ತಾಯಿಯ ಮುಖ ನೋಡಿ ಮುಚ್ಚಿದ. ಖಾಲಿ ಗೆರೆ ತುಂಬಿತು. ಎರಡೂ ತಪ್ಪು ಎಂದು ಪೂರ್ತಿ ಗೊತ್ತಿದ್ದೂ ಫಾರ್ಮ್ ಕಳಿಸಿದ.

ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕು. ಅರ್ಧ ಗಾಡಿ ರದ್ದು, ಪ್ಲಾಟ್‌ಫಾರ್ಮಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಯಶ್ವಂತನ ಹೆಗಲಲ್ಲಿ ಹಾಸಿಗೆ ಸುರುಳಿಯಷ್ಟು ದೊಡ್ಡ ಗೋಲಿನ ಕಿಟ್ಟು, ಜೊತೆಗೆ ಆರು ಮಕ್ಕಳು, ನಳಿನಾಕ್ಷಿ, ಲಕ್ಷ್ಮೀಕಾಂತ. ಠಾಣೆಯ ಗಾಡಿ ಬಂದದ್ದೇ ಜನ ಉಕ್ಕಿದರು. ಒಂದು ಮಗು ಕೈತಪ್ಪಿದರೆ ಎಂದು ಯಶ್ವಂತ ತಲೆ ಎಣಿಸತೊಡಗಿದ. ನೋಡಿದರೆ ಮಾನಸಿ ಆಗಲೇ ಹತ್ತಿ, ಒಂದು ಕೈಯಲ್ಲಿ ಕಂಬ ಹಿಡಿದು, ಕಾಲು ಅಗಲಿಸಿ ನಿಂತಿದ್ದಳು. ಅವಳ ಕಂಕುಳ ಕೆಳಗಿಂದ ಐದು ಹುಡುಗಿಯರು, ಹೆತ್ತವರಿಬ್ಬರು, ಕಿಟ್ಟು, ಕೊನೆಗೆ ಯಶ್ವಂತ, ಎಲ್ಲ ಒಳಗಾದರು. ಒಬ್ಬ ಧಡೂತಿ ಆಸಾಮಿ ಎರಡು ಸಲ ನುಗ್ಗಿ ನೋಡಿ, ಆಗದೆ ಮುಂದಿನ ಡಬ್ಬಿಗೆ ಓಡಿದ. ರಮಿತಾ ಅಷ್ಟರಲ್ಲಿ ಅಮ್ಮನಿಗೆ ಕಿಟಕಿ ಸೀಟು ಹಿಡಿದಾಗಿತ್ತು. ಲಕ್ಷ್ಮೀಕಾಂತ ಇದನ್ನೇನೂ ನೋಡಲಿಲ್ಲ. ಮಗಳು ಸೆಂಟರ್ ಆಡುತ್ತಾಳೆಂದು ಊರಿನ ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದ.

ಠಾಣೆಯಲ್ಲಿ ಗಾಡಿ ಬದಲಿಸಿ ಮಾಲು ಮುಟ್ಟುವಾಗ ಎರಡು ಗಂಟೆ. ಮಕ್ಕಳು ಬಟ್ಟೆ ಬದಲಿಸಲು ಒಳಗೆ ಹೋದರು. ಯಶ್ವಂತ ಹೊರಗೆ ನಿಂತು ರಮಿತಾಳ ಪಾಡು ನೆನೆದು ಬೆವರುತ್ತಿದ್ದ. ಐಸಿನ ಮೇಲೆ ಬಿಲ್ಲೆ ಟೈಲ್ಸ್ ಮೇಲಿನಂತೆ ಬರುವುದಿಲ್ಲ, ಸೀಟಿ ಹೊಡೆದಂತೆ ಬರುತ್ತದೆ. ಆ ಕಡ್ಡಿಯಂಥ ಮಗು ಅದರ ಮುಂದೆ ನಿಲ್ಲಬೇಕಲ್ಲ ದೇವರೇ, ನನ್ನ ಪುಕ್ಕಲುತನಕ್ಕೆ ಅದಕ್ಯಾಕೆ ಶಿಕ್ಷೆ ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡ.

ಬಾಗಿಲು ತೆರೆದು ಮಕ್ಕಳು ಸಾಲಾಗಿ ಬಂದರು. ಎಲ್ಲರ ಮುಖಕ್ಕೂ ಕಂಬಿಯ ಜಾಲರಿ, ಎದೆ ಹೆಗಲಿಗೆಲ್ಲ ದಿಂಬು. ದಪ್ಪ ಯಾರು, ತೆಳ್ಳಗೆ ಯಾರು ಎಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಗೋಲಿನ ವೇಷದ ಒಂದನೇ ನಂಬರು ಅವನ ಪಕ್ಕ ಹಾಯುವಾಗ ಮೆಲ್ಲಗೆ ಅಂದಿತು, “ಸರ್, ಹೆದರಬೇಡಿ, ಡರನಾ ಮತ್.”

ಅದು ಮಾನಸಿಯ ಸ್ವರ. ಹಿಂದಿನಿಂದ ಸೆಂಟರಿನ ಒಂಬತ್ತನೇ ನಂಬರಿನ ಅಂಗಿ ತೊಟ್ಟು ಕುಣಿಯುತ್ತ ಹೋದವಳು ರಮಿತಾ. ಹುಡುಗಿಯರು ತಮ್ಮೊಳಗೇ ಅದಲುಬದಲು ಮಾಡಿಕೊಂಡುಬಿಟ್ಟಿದ್ದರು.

ಕೂಗಿ ಹೇಳಿದರೆ ಎರಡು ಮನೆಯವರಿಗೂ ಗೊತ್ತಾಗುತ್ತಿತ್ತು. ಯಶ್ವಂತ ಹೋಗಿ ಬೆಂಚಿನ ಮೇಲೆ ಕೂತ, ಅದೂ ಎಲ್ಲಿ? ಬಲಕ್ಕೆ ಲಕ್ಷ್ಮೀಕಾಂತ, ಎಡಕ್ಕೆ ನಳಿನಾಕ್ಷಿ.

ಆಟ ಶುರುವಾಯಿತು. ಎದುರಿಗೆ ವಾಶಿಯ ಹುಡುಗಿಯರು, ವಾರಕ್ಕೆ ಮೂರು ದಿನ ಐಸಿನಲ್ಲೇ ಆಡುವವರು. ಅವರು ಬಿಲ್ಲೆ ಬೀಸಿದಾಗಲೆಲ್ಲ ನಳಿನಾಕ್ಷಿ ಮಂಜುನಾಥಾ ಎಂದು ಯಶ್ವಂತನ ಎಡತೋಳು ಚಿವುಟಿದರು. ಒಂಬತ್ತನೇ ನಂಬರು ಗಾಳಿಯಂತೆ ಹೋಗಿ ಗೋಲು ಹೊಡೆದಾಗ ಲಕ್ಷ್ಮೀಕಾಂತ ಅವನ ಬಲಹೆಗಲಿಗೆ ಒಂದು ಬಾರಿಸಿದ. ನನ್ನ ಮಗಳು, ನನ್ನ ರಕ್ತ ಎನ್ನುತ್ತ ವೀಡಿಯೋ ತೆಗೆದು ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿಗೂ ಊರಿನ ಬಳಗಕ್ಕೂ ಕಳಿಸಿದ. ಒಂದು ತೋಳು ನೀಲಿಗಟ್ಟಿ ಒಂದು ಹೆಗಲು ಮರಗಟ್ಟಿ ಯಶ್ವಂತ ನಡುವೆ ಕೂತಿದ್ದ. ಯಾರಾದರೊಬ್ಬಳು ಜಾಲರಿ ಎತ್ತಿದರೆ ತನ್ನ ಕತೆ ಅಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು.

ಗೋಲಿನಲ್ಲಿದ್ದವಳು ಮಾತ್ರ ಬಂಡೆ. ಪ್ರತಿ ಹೊಡೆತಕ್ಕೆ ಮೊದಲು ಕೋಲಿನಿಂದ ಐಸಿಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟುವುದು, ಎಡಗಾಲಿನ ಮೇಲೆ ಭಾರ ಬಿಡುವುದು, ಬಂದದ್ದನ್ನು ತಡೆಯುವುದು. ಏಳು ತಡೆದಳು, ಒಂಬತ್ತು ತಡೆದಳು. ಯಶ್ವಂತನಿಗೆ ಒಂದು ಗಳಿಗೆ ಹೆದರಿಕೆಯೇ ಮರೆತು ಕಣ್ಣು ತುಂಬಿ ಬಂತು. ಆಗಲೇ ಅವನಿಗೆ ಹೊಳೆದದ್ದು, ಬಲಹೆಗಲಿಗೆ ಪೆಟ್ಟು ಬೀಳುವುದು ನಿಂತು ಬಹಳ ಹೊತ್ತಾಗಿತ್ತು. ಓರೆಗಣ್ಣಲ್ಲಿ ನೋಡಿದ. ಲಕ್ಷ್ಮೀಕಾಂತ ಫೋನು ಜೇಬಿಗಿಟ್ಟು, ತುಟಿ ಬಿಗಿದು, ಅಲ್ಲಾಡದೆ ಕೂತಿದ್ದ. ಪೆಟ್ಟಿಗಿಂತ ಆ ಸುಮ್ಮನಿರುವಿಕೆಗೆ ಯಶ್ವಂತ ಹೆಚ್ಚು ಹೆದರಿದ.

ಆಟ ಮುಗಿಯಿತು. ಆಯ್ಕೆ ಮಾಡಲು ಬಂದಿದ್ದ ಚೈತನ್ಯಾ ಮೇಡಂ ಹಿಮಾಚಲದ ಹತ್ತು ದಿನದ ಶಿಬಿರಕ್ಕೆ ಡೊಂಬಿವಲಿಯಿಂದ ಇಬ್ಬರು ಎಂದು ಹೇಳಿದರು. ಒಂದನೇ ನಂಬರು, ಒಂಬತ್ತನೇ ನಂಬರು. ಫಾರ್ಮಿನಲ್ಲಿದ್ದಂತೆ ಗೋಲಿಗೆ ರಮಿತಾ, ಸೆಂಟರಿಗೆ ಮಾನಸಿ ಎಂದು ಬರೆದ ಕಾಗದ ತಂದು, ಕೋಚ್ ಇಲ್ಲಿ ಸಹಿ ಹಾಕಿ, ಆಮೇಲೆ ಬದಲಿಸಲು ಬರುವುದಿಲ್ಲ ಎಂದರು.

ಯಶ್ವಂತ ಪೆನ್ನು ಹಿಡಿದ. ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗೇಟು ತೆರೆದಿರುತ್ತದೆ. ಆದರೆ ಹಿಮಾಚಲದಲ್ಲಿ ಆ ಹನ್ನೊಂದರ ಮಗು ಸೀಟಿ ಹೊಡೆದು ಬರುವ ಬಿಲ್ಲೆಗಳ ಮುಂದೆ ಒಬ್ಬಳೇ ನಿಂತಿರುತ್ತದೆ. ತನ್ನ ಅರ್ಧ ಹಲ್ಲು ನೆನಪಾಯಿತು. ಲಕ್ಷ್ಮೀಕಾಂತನ ಮೇಲಿನ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದಾಯಿತು. ಪೆನ್ನು ಕೆಳಗಿಟ್ಟು, ನೆಲ ನೋಡುತ್ತ, ಒಂದೇ ಉಸಿರಿಗೆ ಇಬ್ಬರು ಹೆತ್ತವರ ಮುಂದೆಯೂ ಎಲ್ಲ ಹೇಳಿಬಿಟ್ಟ. ಹುಟ್ಟಿದ ಮೇಲೆ ಅಷ್ಟು ಉದ್ದದ ನಿಜವನ್ನು ಅವನು ಒಮ್ಮೆಗೇ ಹೇಳಿದ್ದಿಲ್ಲ.

ನಳಿನಾಕ್ಷಿ ಅಲ್ಲೇ ಕೂತುಬಿಟ್ಟರು. ಹಾಗಾದರೆ ಗೋಲು ಹೊಡೆದದ್ದು ನಮ್ಮ ರಮಿತಾನಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅತ್ತು, ನಕ್ಕು, ಆ ದಿಂಬಿನ ಜಾಗಕ್ಕೆ ಇನ್ನು ಸತ್ತರೂ ಕಳಿಸುವುದಿಲ್ಲ ಎಂದರು. ಯಶ್ವಂತ ಲಕ್ಷ್ಮೀಕಾಂತನ ಏಟಿಗೆ ಕಣ್ಣು ಮುಚ್ಚಿ ಕಾದ.

ಏಟು ಬೀಳಲಿಲ್ಲ. ದೊಡ್ಡ ಗಂಟಲು ಮೊದಲ ಸಲ ಸಣ್ಣದಾಗಿ ಮಾತಾಡಿತು. “ನನಗ ಗೊತ್ತಾತು ಸರ. ಆಕಿ ಎರಡ ಸಲ ಕುಟ್ಟಿದ್ಲು ನೋಡ್ರಿ, ಆಗಲೇ ಗೊತ್ತಾತು. ಹಂಗs ನಿಂದರತಿದ್ದ ನಮ್ಮಪ್ಪ, ಎಡಗಾಲ ಮ್ಯಾಲ. ಒಬ್ಬ ಕಳ್ಳ ಒಳಗ ಹೋಗಿಲ್ಲ ಮೂವತ್ತು ವರ್ಷದಾಗ. ನಾ ಅವನ ಕಾಲು ನೋಡಿದೆ, ಅವ ನಿಂತಿದ್ದು ನೋಡಲೇ ಇಲ್ಲ.” ಪಂಚೆಯಂಥ ದೊಡ್ಡ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡ. “ತಿದ್ದಿ ಬರೀರಿ. ಗೋಲಿಗಿ ಮಾನಸಿ.”

ಯಶ್ವಂತ ಮೇಡಂ ಮುಂದೆ ಎರಡೂ ಹೆಸರು ತಿದ್ದಿಸಿ ಸಹಿ ಹಾಕಿದ. ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರಾಡಿದ. ಆ ಉಸಿರು ಪೂರ್ತಿ ಹೊರಗೆ ಬರುವ ಮುಂಚೆಯೇ ಲಕ್ಷ್ಮೀಕಾಂತ ಹೆಗಲ ಮೇಲೆ ಕೈಯಿಟ್ಟ.

“ಒಂದ ಮಾತು ಸರ. ಹಿಮಾಚಲಕ್ಕ ನಮ್ಮವರು ಯಾರೂ ಬರಂಗಿಲ್ಲ, ಅಲ್ಲಿ ನಿಂದ್ರಲಿ. ಇಲ್ಲಿ ನಲವತ್ತೆರಡು ಮನಿಗಿ ಸೆಂಟರ್ ಅಂತ ವೀಡಿಯೋ ಹೋಗ್ಯದ. ನಮ್ಮ ಕಂಪೌಂಡಿನ್ಯಾಗ ಆಕಿ ಬಾಗಲಾಗ ನಿಂತಿದ್ದು ಒಬ್ಬರೂ ನೋಡಬಾರದು. ನೋಡಿದ್ರಂದ್ರ ಕೀಲಿ ಮಾತು ನಿಮಗ ನೆನಪದ.”

ವೀಡಿಯೋದಲ್ಲಿರುವ ತಮ್ಮ ಮಗಳು ಮಾನಸಿಯೆಂದು ಹೋಗಿದ್ದಕ್ಕೆ ನಳಿನಾಕ್ಷಿ ತಕರಾರು ಮಾಡಲಿಲ್ಲ. ಅವಳು ಹಾಗೆ ಓಡುವುದು ಗಂಡನಿಗೆ ತಿಳಿಯದಿದ್ದರೇ ಒಳ್ಳೆಯದು ಎಂದರು. ಆದರೂ ಆಟ ಎಂದ ಮೇಲೆ ಗೋಲಿನಲ್ಲಿ ಯಾರಾದರೂ ಬೇಕಲ್ಲ, ಉಳಿದ ನಾಲ್ವರ ಮನೆಯವರೂ ಒಪ್ಪುವುದಿಲ್ಲವಲ್ಲ ಎಂದು ಯಶ್ವಂತ ಕೇಳಿದ. ಕೇಳಬಾರದಿತ್ತು. ಸೆಕ್ರೆಟರಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ನಳಿನಾಕ್ಷಿಯೂ ನೋಡಿದರು.

ಸೋಮವಾರ ಸಂಜೆ ಸೊಸೈಟಿಯ ಬಾಲ್ಕನಿಗಳಲ್ಲೆಲ್ಲ ಜನ. ಸೆಂಟರ್ ಮಾನಸಿಯನ್ನು ನೋಡಲು ಬಂದವರು. ಸೆಕ್ರೆಟರಿಯ ಹುಕುಮಿನಂತೆ ಹಳೇ ಸ್ಕೂಟರನ್ನು ಎತ್ತಿ ಹೊರಗಿಟ್ಟಾಗಿತ್ತು. ಹನ್ನೆರಡು ವರ್ಷದವರ ಅಳತೆಯ ದಿಂಬುಗಳನ್ನು ಸುತಳಿಯಿಂದ ಬಿಗಿಸಿಕೊಂಡು, ಗೋಲಿನ ಬಲೆಯ ಮುಂದೆ ಯಶ್ವಂತ ನಿಂತಿದ್ದ. ಎದುರಿಗೆ ಆರು ಹುಡುಗಿಯರು, ಆರು ಬಿಲ್ಲೆ.

ಮಾನಸಿ ಚಕ್ರದ ಬೂಟಿನಲ್ಲಿ ಹತ್ತಿರ ಜಾರಿ ಬಂದು ಕಿವಿಯಲ್ಲಿ ಹೇಳಿದಳು. “ಸರ್, ದೋ ಬಾರ್ ಕುಟ್ಟಿ. ಅಜ್ಜ ಕ್ಯೂಂ ಕುಟ್ಟುತ್ತಿದ್ದರು ಗೊತ್ತಾ? ಅವರಿಗೂ ಡರ್ ಲಗ್ತಾ ಥಾ, ನನಗೇ ಹೇಳಿದ್ದರು. ಕುಟ್ಟಿದರೆ ಡರ್ ಓಡಿಹೋಗ್ತದೆ.”

ಯಶ್ವಂತ ಎಡಗಾಲಿನ ಮೇಲೆ ಭಾರ ಬಿಟ್ಟು, ಕೋಲಿನಿಂದ ಟೈಲ್ಸಿಗೆ ಎರಡು ಸಲ ಕುಟ್ಟಿದ. ಹೆದರಿಕೆ ಎಲ್ಲಿಗೂ ಹೋಗಲಿಲ್ಲ. ಇನ್ನೊಮ್ಮೆ ಕುಟ್ಟಿ ನೋಡೋಣ ಎಂದುಕೊಳ್ಳುವಷ್ಟರಲ್ಲಿ ರಮಿತಾ ಬಿಲ್ಲೆ ಬೀಸಿದಳು.